ಪ್ಲಾಸ್ಟಿಕ್ ಪೈಪಲ್ಲಿ ಬರೋ ನೀರು ಕುಡಿಬಹುದಾ? ಸ್ವಲ್ಪ ಬಿಡಿಸಿ ನೋಡೋಣ

ಮನೆ ಕಟ್ಟಿಸ್ತಿರೋರು, ಹಳೇ ಕಬ್ಬಿಣದ ಪೈಪು ತುಕ್ಕು ಹಿಡ್ದು ಕೆಂಪು ನೀರು ಬರ್ತಿದೆ ಅಂತ ಹೊಸದು ಹಾಕಿಸ್ತಿರೋರು, ಬಾತ್‌ರೂಮ್ ಒಡೆಸಿ ರಿಪೇರಿಗೆ ಕೈ ಹಾಕಿರೋರು, ಎಲ್ರೂ ಒಂದಲ್ಲ ಒಂದಿನ ಈ ಪ್ರಶ್ನೆ ಕೇಳ್ಕೋತಾರೆ. ಪ್ಲಂಬರ್ ಕೇಳಿದ್ರೆ ಎಲ್ಲಾ ಕಡೆ ಇದೇ ಹಾಕೋದು, ಏನೂ ಆಗಲ್ಲ ಅಂತಾರೆ. ಮೊಬೈಲ್‌ಗೆ ಬರೋ ಫಾರ್ವರ್ಡ್ ನೋಡಿದ್ರೆ ಪ್ಲಾಸ್ಟಿಕ್ ಪೈಪ್ ನೀರು ಕುಡಿದ್ರೆ ಕ್ಯಾನ್ಸರ್ ಗ್ಯಾರಂಟಿ ಅಂತಿರುತ್ತೆ. ಎರಡೂ ಅರ್ಧಂಬರ್ಧ ಮಾತು. ಒಳ್ಳೇ ಪೈಪು, ಸರಿಯಾದ ಜಾಗದಲ್ಲಿ, ಸರಿಯಾಗಿ ಹಾಕಿದ್ರೆ ಭಯ ಪಡೋ ಕಾರಣ ಕಮ್ಮಿ, ಆದ್ರೆ ಆ "ಒಳ್ಳೇ, ಸರಿಯಾದ, ಸರಿಯಾಗಿ" ಅನ್ನೋ ಮೂರು ಮಾತಲ್ಲೇ ಎಲ್ಲಾ ವಿಷಯ ಇದೆ, ಅದನ್ನೇ ಇಲ್ಲಿ ಒಂದೊಂದಾಗಿ ನೋಡೋಣ.

ಮೊದಲು, ಯಾವ ಪ್ಲಾಸ್ಟಿಕ್ಕು?

ಅರ್ಧ ಗೊಂದಲ ಬರೋದೇ ಎಲ್ಲದಕ್ಕೂ "ಪ್ಲಾಸ್ಟಿಕ್ ಪೈಪು" ಅಂತ ಒಂದೇ ಹೆಸರು ಇಟ್ಟಿರೋದ್ರಿಂದ.

ಜಾಸ್ತಿ ಕಾಣಿಸೋದು ಪಿವಿಸಿ, ಪೂರ್ತಿ ಹೆಸರು ಪಾಲಿವಿನೈಲ್ ಕ್ಲೋರೈಡ್. ಇದರ ತೂಕದಲ್ಲಿ ಸುಮಾರು 57 ಪರ್ಸೆಂಟ್ ಕ್ಲೋರಿನ್ನೇ. ನೀರಿನ ಲೈನಿಗೆ ಹಾಕೋದು ಇದರ ಗಟ್ಟಿ ರೂಪ, ಯುಪಿವಿಸಿ ಅಂತಾರೆ, ಅಂದ್ರೆ ಮೆತ್ತಗಾಗಿಸೋ ಕೆಮಿಕಲ್ ಸೇರಿಸದೆ ಮಾಡಿರೋ ಪಿವಿಸಿ. ಇದನ್ನ ಒತ್ತಿ ಹೇಳೋಕೆ ಕಾರಣ ಇದೆ: ಪಿವಿಸಿ ಅಂದ ತಕ್ಷಣ ಮೆತ್ತಗಾಗಿಸೋಕೆ ಹಾಕೋ ಥ್ಯಾಲೇಟ್ ಅನ್ನೋ ಕೆಮಿಕಲ್, ಹಾರ್ಮೋನ್ ಏರುಪೇರು ಅಂತ ಹೆದರಿಸ್ತಾರಲ್ಲ, ಆ ಥ್ಯಾಲೇಟ್ ಇರೋದು ಮೆತ್ತನೆ ಪಿವಿಸಿಯಲ್ಲಿ, ಗಿಡಕ್ಕೆ ನೀರು ಬಿಡೋ ಬಗ್ಗೋ ಹೋಸು, ವೈರಿನ ಮೇಲಿನ ಕವರ್ರು, ಇಂಥದ್ರಲ್ಲಿ. ಬಗ್ಗಿಸಿದ್ರೆ ಬಗ್ಗದ ನೀರಿನ ಪೈಪಿಗೆ ಅದನ್ನ ಹಾಕೋ ಅಗತ್ಯನೇ ಇಲ್ಲ. ಹಾಗಾಗಿ ಗಿಡದ ಹೋಸ್‌ಗೆ ಬಾಯಿಟ್ಟು ನೀರು ಕುಡಿಯೋದು ಬೇಡ ಅನ್ನೋ ಮಾತು ಸರಿ, ಅದೇ ಮಾತನ್ನ ಗೋಡೆಯೊಳಗಿನ ಪೈಪಿಗೆ ಅನ್ವಯಿಸೋಕಾಗಲ್ಲ.

ಅದೇ ಪಿವಿಸಿಗೆ ಇನ್ನಷ್ಟು ಕ್ಲೋರಿನ್ ಕೂಡಿಸಿ ಕ್ಲೋರಿನ್ ಪಾಲನ್ನ 63ರಿಂದ 69 ಪರ್ಸೆಂಟ್ ತನಕ ಏರಿಸಿದ್ರೆ ಸಿಪಿವಿಸಿ ಆಗುತ್ತೆ. ಇದು ಬಿಸಿ ತಡ್ಕೊಳ್ಳುತ್ತೆ, ಅದಕ್ಕೇ ಗೀಸರ್ ಲೈನಿಗೆ ಇದನ್ನ ಹಾಕೋದು.

ಇನ್ನೊಂದು ಕುಟುಂಬ ಪಾಲಿಥೀನ್‌ದು. ಕಪ್ಪಗೆ ಸುರುಳಿ ಸುತ್ತಿ ಬರೋ ಎಚ್‌ಡಿಪಿಇ ಸಾಮಾನ್ಯವಾಗಿ ನೆಲದಡಿ ಹೋಗೋ ಲೈನಿಗೆ. ಅದೇ ಪಾಲಿಥೀನ್‌ನ ಉದ್ದುದ್ದ ಎಳೆಗಳನ್ನ ಒಂದಕ್ಕೊಂದು ಅಡ್ಡಡ್ಡ ಹೆಣೆದ್ರೆ ಪೆಕ್ಸ್ ಅಂತಾರೆ, ಬಗ್ಗುತ್ತೆ, ಬಿಸಿನೀರಿಗೂ ಆಗುತ್ತೆ. ಹೆಣೆಯೋ ವಿಧಾನದ ಮೇಲೆ ಎ, ಬಿ, ಸಿ ಅಂತ ಮೂರು ಜಾತಿ: ಪೆರಾಕ್ಸೈಡ್ ಹಾಕಿ ಮಾಡಿದ್ದು ಎ, ಸಿಲೇನ್ ಹಾಕಿದ್ದು ಬಿ, ಎಲೆಕ್ಟ್ರಾನ್ ಕಿರಣ ಹಾಯಿಸಿದ್ದು ಸಿ. ಎ ಫಸ್ಟ್ ಕ್ಲಾಸು ಸಿ ಥರ್ಡ್ ಕ್ಲಾಸು ಅಂತೇನಿಲ್ಲ, ಬರೀ ಮಾಡೋ ರೀತಿ ಬೇರೆ.

ಕೊನೇದು ಪಿಪಿಆರ್, ಪಾಲಿಪ್ರೊಪಿಲೀನ್ ಪೈಪು. ಇದಕ್ಕೆ ಅಂಟು ಹಚ್ಚಲ್ಲ, ಮೆಷಿನ್ನಲ್ಲಿ ಸುಮಾರು 260 ಡಿಗ್ರಿಗೆ ಕಾಯಿಸಿ ಪೈಪನ್ನೂ ಫಿಟ್ಟಿಂಗನ್ನೂ ಕರಗಿಸಿ ಒಂದಾಗಿಸ್ತಾರೆ.

ಪೈಪಿಂದ ನೀರಿಗೆ ಏನಾದ್ರೂ ಸೇರುತ್ತಾ?

ಸೇರುತ್ತೆ. ಇದನ್ನ ಮುಚ್ಚಿಡೋದೇನಿಲ್ಲ, ಪ್ಲಾಸ್ಟಿಕ್ಕೇ ಆಗ್ಲಿ ತಾಮ್ರನೇ ಆಗ್ಲಿ, ನೀರಿಗೆ ಒಂಚೂರೂ ಏನನ್ನೂ ಬಿಡದ ಪೈಪಂತ ಒಂದಿಲ್ಲ. ಏನು ಬಿಡುತ್ತೆ, ಎಷ್ಟು ಬಿಡುತ್ತೆ, ಎಷ್ಟು ದಿನ ಬಿಡುತ್ತೆ ಅನ್ನೋದಷ್ಟೇ ವ್ಯತ್ಯಾಸ.

ಪ್ಲಾಸ್ಟಿಕ್ಕಿನ ಉದ್ದನೆ ಎಳೆಗಳು ನೀರಲ್ಲಿ ಕರಗಲ್ಲ. ಕರಗಿ ಬರೋದು ಆ ಎಳೆಗಳ ಮಧ್ಯೆ ಸಿಕ್ಕಾಕೊಂಡಿರೋ ಸಣ್ಣ ಸಣ್ಣ ಕಣಗಳು. ತಯಾರಿಸುವಾಗ ಪೂರ್ತಿ ರಿಯಾಕ್ಟ್ ಆಗದೆ ಉಳಿದ ಕಚ್ಚಾವಸ್ತು, ಬಿಸಿಗೆ ಬಿಸಿಲಿಗೆ ಪೈಪು ಕೆಡದಿರ್ಲಿ ಅಂತ ಬೆರೆಸಿದ ಸ್ಟೆಬಿಲೈಸರ್‌ಗಳು, ಆ ಸ್ಟೆಬಿಲೈಸರ್ ಒಡೆದು ಹುಟ್ಟಿದ ಚೂರುಗಳು, ಜಾಯಿಂಟಿಗೆ ಹಚ್ಚಿದ ಅಂಟು. ಹೊಸ ಬಣ್ಣದ ಬಟ್ಟೆ ನೆನಸಿದಾಗ ಬಣ್ಣ ಬಿಡುತ್ತಲ್ಲ, ಹೆಚ್ಚುಕಮ್ಮಿ ಅದೇ ಲೆಕ್ಕ: ಮೊದಲ ಒಗೆತಗಳಲ್ಲಿ ಜಾಸ್ತಿ, ಬಿಸಿನೀರಲ್ಲಿ ಇನ್ನೂ ಜಾಸ್ತಿ, ರಾತ್ರಿಯಿಡೀ ನೆನೆಹಾಕಿದ್ರೆ ಬಕೆಟ್ ನೀರೆಲ್ಲಾ ಬಣ್ಣ, ಆಮೇಲಾಮೇಲೆ ಕಮ್ಮಿ ಆಗ್ತಾ ಬರುತ್ತೆ. ಪೈಪು ಹೊಸದಾ, ನೀರು ಬಿಸಿನಾ, ನೀರು ಎಷ್ಟು ಹೊತ್ತು ನಿಂತಿತ್ತು, ಈ ಮೂರನ್ನ ನೆನಪಿಟ್ಕೊಂಡ್ರೆ ಮುಂದಿನದು ಸಲೀಸಾಗಿ ಅರ್ಥ ಆಗುತ್ತೆ.

ನಾಲ್ಕನೇದೊಂದಿದೆ, ಯಾರೂ ಅಷ್ಟಾಗಿ ಹೇಳಲ್ಲ: ಪೈಪಿನ ಸೈಜು. ಪೈಪು ಸಣ್ಣದಾದಷ್ಟೂ ಅದೇ ಒಂದು ಲೀಟರ್ ನೀರಿಗೆ ತಾಗೋ ಗೋಡೆ ಜಾಸ್ತಿ. 15 ಮಿಲಿಮೀಟರ್ ಪೈಪಲ್ಲಿರೋ ನೀರಿಗೆ 150 ಮಿಲಿಮೀಟರಿನ ರಸ್ತೆ ಲೈನಿಗಿಂತ ಹತ್ತು ಪಟ್ಟು ಗೋಡೆ ತಾಗುತ್ತೆ. ಅದಕ್ಕೇ ಊರಿಗೆಲ್ಲಾ ನೀರು ತರೋ ದೊಡ್ಡ ಪೈಪಿಗಿಂತ ಮನೆಯೊಳಗಿನ ಸಣ್ಣ ಪೈಪಿನ ಗುಣಮಟ್ಟದ ಬಗ್ಗೆ ಹೆಚ್ಚು ತಲೆ ಕೆಡಿಸ್ಕೋಬೇಕು.

ಕ್ಯಾನ್ಸರ್ ಮಾತು ಎಲ್ಲಿಂದ ಬಂತು?

ಗಾಳಿಯಿಂದ ಹುಟ್ಟಿದ್ದಲ್ಲ. ಪಿವಿಸಿ ಮಾಡೋದು ವಿನೈಲ್ ಕ್ಲೋರೈಡ್ ಅನ್ನೋ ಗ್ಯಾಸಿಂದ, ಆ ಗ್ಯಾಸು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತೆ ಅನ್ನೋದ್ರಲ್ಲಿ ಯಾವ ಅನುಮಾನನೂ ಇಲ್ಲ. 1974ರಲ್ಲಿ ಅಮೆರಿಕದ ಲೂಯಿವಿಲ್‌ನಲ್ಲಿದ್ದ ಪಿವಿಸಿ ಕಾರ್ಖಾನೆಯ ಕೆಲಸಗಾರರಲ್ಲಿ ಲಿವರಿನ ಒಂದು ತೀರಾ ಅಪರೂಪದ ಕ್ಯಾನ್ಸರ್ ಒಬ್ಬರಾದ ಮೇಲೊಬ್ಬರಿಗೆ ಕಾಣಿಸ್ಕೊಂಡಿದ್ದು ಬಯಲಾಯ್ತು, ಆಮೇಲೆ ಕಾರ್ಖಾನೆ ಗಾಳಿಯಲ್ಲಿ ಈ ಗ್ಯಾಸ್ ಎಷ್ಟಿರಬಹುದು ಅನ್ನೋ ಮಿತಿಯನ್ನ ವಿಪರೀತ ಕೆಳಗಿಳಿಸಿದ್ರು.

ಆದ್ರೆ ಗ್ಯಾಸು ಬೇರೆ, ಅದರಿಂದ ಆದ ಪೈಪು ಬೇರೆ. ಗ್ಯಾಸಿನ ಕಣಗಳು ಸರಪಳಿಯಾಗಿ ಸೇರ್ಕೊಂಡ ಮೇಲೆ ಅದು ಬೇರೆಯೇ ವಸ್ತು, ನೀರು ತಾಗಿದ್ರೆ ತಿರುಗಿ ಗ್ಯಾಸ್ ಆಗಲ್ಲ. ಪ್ರಶ್ನೆ ಇರೋದು ಸೇರ್ಕೊಳ್ಳದೆ ಉಳಿದ ಅಷ್ಟಿಷ್ಟರದ್ದು. ಹಳೇ ಕಾಲದಲ್ಲಿ ಇದು ನಿಜವಾದ ಸಮಸ್ಯೆನೇ ಆಗಿತ್ತು, ಅಮೆರಿಕದಲ್ಲಿ 1977ಕ್ಕೂ ಮುಂಚೆ ತಯಾರಾದ ಪಿವಿಸಿ ಪೈಪಲ್ಲಿ ಉಳಿಕೆ ಗ್ಯಾಸು ಜಾಸ್ತಿ ಇತ್ತು, ಲೈನಿನ ತುದಿಯಲ್ಲಿ ನೀರು ಹರಿಯದೆ ನಿಲ್ಲೋ ಕಡೆ ಅದು ನೀರಲ್ಲಿ ಸಿಗ್ತಿತ್ತು. ಆಮೇಲೆ ತಯಾರಿಕೆಯಲ್ಲೇ ಉಳಿಕೆ ಗ್ಯಾಸನ್ನ ಹೊರಗೆಳೆಯೋ ಹಂತ ಸೇರಿಸಿದ್ರು, ಈಗಿನ ಒಳ್ಳೇ ಪೈಪಲ್ಲಿ ಅದು ತೀರಾ ಅತ್ಯಲ್ಪ.

ಕುಡಿಯೋ ನೀರಲ್ಲಿ ವಿನೈಲ್ ಕ್ಲೋರೈಡ್ ಎಷ್ಟಿರಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಮಟ್ಟ ಲೀಟರಿಗೆ 0.3 ಮೈಕ್ರೋಗ್ರಾಂ, ಯುರೋಪಲ್ಲಿ 0.5, ಅಮೆರಿಕದಲ್ಲಿ 2. ಮೈಕ್ರೋಗ್ರಾಂ ಅಂದ್ರೆ ಒಂದು ಗ್ರಾಮನ್ನ ಹತ್ತು ಲಕ್ಷ ಪಾಲು ಮಾಡಿದ್ರೆ ಅದರಲ್ಲಿ ಒಂದು ಪಾಲು. ಇಷ್ಟು ಸಣ್ಣ ಮಿತಿ ಇಟ್ಟಿರೋದ್ರಲ್ಲೇ ಇದನ್ನ ಎಷ್ಟು ಗಂಭೀರವಾಗಿ ತಗೊಂಡಿದ್ದಾರೆ ಅಂತ ತಿಳಿಯುತ್ತೆ.

ನನ್ನ ಕೇಳಿದ್ರೆ, ಹೆಚ್ಚು ಗಮನ ಕೊಡಬೇಕಾದ್ದು ಸೀಸ

ಪಿವಿಸಿಯ ದೌರ್ಬಲ್ಯ ಏನಂದ್ರೆ ಬರೀ ಪಿವಿಸಿಯನ್ನ ಕಾಯಿಸಿ ಪೈಪಿನ ಆಕಾರಕ್ಕೆ ತರೋಕೆ ಹೋದ್ರೆ ಅದು ಒಡೆದು ಹೈಡ್ರೋಜನ್ ಕ್ಲೋರೈಡ್ ಬಿಡೋಕೆ ಶುರು ಮಾಡುತ್ತೆ, ಬಣ್ಣ ಹಳದಿಯಾಗಿ, ಕಂದಾಗಿ ಹಾಳಾಗುತ್ತೆ. ಅದನ್ನ ತಡೆಯೋಕೆ ಸ್ಟೆಬಿಲೈಸರ್ ಬೇಕೇ ಬೇಕು. ಬಹಳ ದಶಕ ಇದಕ್ಕೆ ಬಳಸಿದ್ದು ಸೀಸದ ಸಂಯುಕ್ತಗಳನ್ನ, ಯಾಕಂದ್ರೆ ಅಗ್ಗ, ಕೆಲಸನೂ ಚೆನ್ನಾಗಿ ಮಾಡುತ್ತೆ.

ಸೀಸ ಏನು ಮಾಡುತ್ತೆ ಅನ್ನೋದು ಗೊತ್ತಿರೋದೇ. ಮಕ್ಕಳ ಮೆದುಳಿನ ಬೆಳವಣಿಗೆಗೆ ಪೆಟ್ಟು, ದೊಡ್ಡವರಲ್ಲಿ ಬಿಪಿ, ಕಿಡ್ನಿ ತೊಂದರೆ, ಇಷ್ಟಿದ್ರೆ ಪರವಾಗಿಲ್ಲ ಅನ್ನೋ ಸುರಕ್ಷಿತ ಮಟ್ಟನೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತೆ. ನೀರಲ್ಲಿ ಲೀಟರಿಗೆ 10 ಮೈಕ್ರೋಗ್ರಾಂ ಅಂತ ಒಂದು ಅಂಕಿ ಇಟ್ಟಿದ್ದಾರೆ, ಅದೂ ತಾತ್ಕಾಲಿಕ ಅಂತ ಷರಾ ಹಾಕಿ.

ಹಾಗಾಗಿ ಪೈಪಿಂದ ಸೀಸನ ಹೊರಗೆ ಹಾಕೋ ಕೆಲಸ ನಡೀತು. ಯುರೋಪಿನ ಪಿವಿಸಿ ಉದ್ಯಮದವರು ತಾವಾಗೇ ಒಪ್ಪಿ 2015ರ ಹೊತ್ತಿಗೆ ಸೀಸದ ಸ್ಟೆಬಿಲೈಸರ್ ಬಿಟ್ರು, ಭಾರತದಲ್ಲಿ 2021ರಲ್ಲಿ ಪಿವಿಸಿ ಪೈಪು ಮತ್ತು ಫಿಟ್ಟಿಂಗ್‌ಗಳಲ್ಲಿನ ಸೀಸದ ಬಗ್ಗೆನೇ ಪ್ರತ್ಯೇಕ ನಿಯಮ ಬಂತು. ಬದಲಿಗೆ ಬಂದದ್ದು ಕ್ಯಾಲ್ಶಿಯಂ-ಜಿಂಕ್ ಆಧಾರದ್ದು, ಇಲ್ಲಾಂದ್ರೆ ಉತ್ತರ ಅಮೆರಿಕದಲ್ಲಿ ಹೆಚ್ಚಾಗಿ ಬಳಸೋ ತವರದ ಸಂಯುಕ್ತ. ತವರದ್ದು ಹೊಸ ಪೈಪಲ್ಲಿ ಮೊದಲ ಕೆಲವು ದಿನ ಸ್ವಲ್ಪ ಬಿಡುತ್ತೆ, ಆಮೇಲೆ ಬೇಗ ಇಳಿಯುತ್ತೆ.

ಇಲ್ಲಿ ಎರಡು ಕಡೆ ಎಚ್ಚರ ಬೇಕು. ಒಂದು, ಗೋಡೆಯೊಳಗೆ ಈಗಾಗ್ಲೇ ಇರೋ ಹಳೇ ಪೈಪಿಗೆ ಹೊಸ ನಿಯಮ ಗೊತ್ತಾಗಲ್ಲ, ಅದು ಯಾವ ಕಾಲದಲ್ಲಿ ತಯಾರಾಯ್ತೋ ಆ ಕಾಲದ ಪೈಪೇ. ಎರಡು, ಬೇರೆ ಕೆಲಸಕ್ಕೆ ಮಾಡಿದ ಪೈಪನ್ನ ನೀರಿನ ಲೈನಿಗೆ ತಿರುಗಿಸೋದು. ಚರಂಡಿಗೆ, ಮಳೆನೀರು ಇಳಿಸೋಕೆ, ವೈರ್ ಎಳೆಯೋಕೆ ಅಂತ ಬರೋ ಪಿವಿಸಿ ನೋಡೋಕೆ ಹೆಚ್ಚುಕಮ್ಮಿ ಒಂದೇ ತರ ಇರುತ್ತೆ, ಆದ್ರೆ ಅದನ್ನ ಕುಡಿಯೋ ನೀರಿಗೆ ಅಂತ ಟೆಸ್ಟೇ ಮಾಡಿರಲ್ಲ, ಅದರೊಳಗೆ ಏನು ಬೆರೆಸಿದ್ದಾರೆ ಅಂತ ಯಾರೂ ಹೇಳಿರಲ್ಲ. ಕೆಲಸದ ಮಧ್ಯೆ ಎರಡಡಿ ಪೈಪು ಕಮ್ಮಿ ಬಿತ್ತು ಅಂತ ಪಕ್ಕದಲ್ಲಿ ಬಿದ್ದಿರೋ ಚರಂಡಿ ಪೈಪಿನ ತುಂಡನ್ನ ಸೇರಿಸಿಬಿಡೋ ಆಸಾಮಿಗಳಿದ್ದಾರೆ, ಅದನ್ನ ಮುಲಾಜಿಲ್ಲದೆ ತೆಗೆಸಿ.

ಇನ್ನು ಪ್ಲಾಸ್ಟಿಕ್ ಪೈಪ್ ಹಾಕಿದ್ದೀವಿ, ಸೀಸದ ಚಿಂತೆ ಇಲ್ಲ ಅಂದ್ಕೊಳ್ಳೋರು ನಲ್ಲಿಗಳನ್ನ ಮರೀತಾರೆ. ನಲ್ಲಿ, ವಾಲ್ವು, ಪೈಪಿಗೆ ನಲ್ಲಿ ಕೂರಿಸೋ ಥ್ರೆಡ್ ಇರೋ ಫಿಟ್ಟಿಂಗು, ಇವೆಲ್ಲಾ ಹೆಚ್ಚಾಗಿ ಹಿತ್ತಾಳೆ. ಹಿತ್ತಾಳೆಯನ್ನ ಸುಲಭವಾಗಿ ಕೊರೆಯೋಕೆ ಆಗ್ಲಿ ಅಂತ ಅದಕ್ಕೆ ಸೀಸ ಬೆರೆಸ್ತಾರೆ. ಅಮೆರಿಕದಲ್ಲಿ 2014ರಿಂದ ನೀರು ತಾಗೋ ಭಾಗದಲ್ಲಿ ಸರಾಸರಿ 0.25 ಪರ್ಸೆಂಟಿಗಿಂತ ಜಾಸ್ತಿ ಸೀಸ ಇದ್ರೆ ಅದನ್ನ ಸೀಸರಹಿತ ಅಂತ ಮಾರೋ ಹಾಗಿಲ್ಲ. ಪೈಪಿಗೆ ದುಡ್ಡು ಸುರಿದು ನಲ್ಲಿ ಮಾತ್ರ ಅಗ್ಗದ್ದು ತಗೊಂಡ್ರೆ ಲೆಕ್ಕ ತಪ್ಪುತ್ತೆ.

ಹೊಸ ಪೆಕ್ಸ್ ಲೈನಿನ ವಾಸನೆ

ಪೆಕ್ಸ್ ಹಾಕಿಸಿದೋರ ಸಾಮಾನ್ಯ ದೂರು ನೀರಲ್ಲಿ ಪ್ಲಾಸ್ಟಿಕ್ ವಾಸನೆ, ಕೆಲವು ಸಲ ಔಷಧಿ ಅಂಗಡಿ ತರದ ವಾಸನೆ. ಇದು ಕಲ್ಪನೆ ಅಲ್ಲ. ಹೆಣೆಯೋ ರಿಯಾಕ್ಷನ್ನಲ್ಲಿ ಹುಟ್ಟೋ ಉಪವಸ್ತುಗಳು, ಎಂಟಿಬಿಇ, ಇಟಿಬಿಇ ತರದ್ದು, ಪೈಪು ಹಳಸದಿರ್ಲಿ ಅಂತ ಹಾಕೋ ಆಂಟಿಆಕ್ಸಿಡೆಂಟ್ ಒಡೆದು ಬರೋ ಫೀನಾಲ್ ಜಾತಿಯ ಕಣಗಳು, ಇವೆಲ್ಲಾ ಮೊದಮೊದಲು ನೀರಿಗೆ ಬರುತ್ತೆ. ಇಂಥ ಕೆಲವು ಕಣಗಳು ತೀರಾ ಕಮ್ಮಿ ಪ್ರಮಾಣದಲ್ಲಿದ್ರೂ ಮೂಗಿಗೆ ಗೊತ್ತಾಗುತ್ತೆ, ಅಂದ್ರೆ ವಾಸನೆ ಬಂತು ಅಂದ ಮಾತ್ರಕ್ಕೆ ವಿಷದ ಮಟ್ಟ ಮುಟ್ಟಿದೆ ಅಂತಲ್ಲ. ಉಲ್ಟಾನೂ ನಿಜ, ಸೀಸಕ್ಕೆ ವಾಸನೆನೂ ಇಲ್ಲ ರುಚಿನೂ ಇಲ್ಲ, ಹಾಗಾಗಿ ಮೂಗನ್ನ ಪೂರ್ತಿ ನಂಬೋ ಹಾಗೂ ಇಲ್ಲ. ಎಷ್ಟು ಬರುತ್ತೆ ಅನ್ನೋದು ಬ್ರಾಂಡಿಂದ ಬ್ರಾಂಡಿಗೆ ಬಹಳ ಬೇರೆ, ಅದೇ ಕಂಪನಿಯ ಬೇರೆ ಬ್ಯಾಚಲ್ಲೂ ಬೇರೆ ಇರಬಹುದು. ನೀರು ಚೆನ್ನಾಗಿ ಹರಿದಾಡಿದ್ರೆ ವಾರಗಳಲ್ಲಿ ಇಳಿಯುತ್ತೆ, ಕೆಲವು ಕಡೆ ತಿಂಗಳುಗಟ್ಟಲೆ ಎಳೆಯೋದೂ ಉಂಟು.

ಬಿಸಿನೀರು

ಬಿಸಿ ಎರಡು ಕಡೆಯಿಂದ ಹೊಡೆಯುತ್ತೆ: ನೀರಿಗೆ ಕೆಮಿಕಲ್ ಬಿಡೋದೂ ಜಾಸ್ತಿ ಆಗುತ್ತೆ, ಪೈಪಿನ ಶಕ್ತಿನೂ ಕುಗ್ಗುತ್ತೆ.

ಪಿವಿಸಿ ಪೈಪು 23 ಡಿಗ್ರಿ ನೀರಿಗೆ ತಡೆಯೋ ಪ್ರೆಶರನ್ನ 100 ಅಂತ ಇಟ್ಕೊಳ್ಳಿ, 60 ಡಿಗ್ರಿಗೆ ಬಂದ್ರೆ ಅದು ಬರೀ 22. ಅಂದ್ರೆ ಐದರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಮೇಲೆ. 60 ಡಿಗ್ರಿನೇ ಅದರ ಗಡಿ, ಅದಕ್ಕೇ ಸಾದಾ ಪಿವಿಸಿಯನ್ನ ಬಿಸಿನೀರಿನ ಲೈನಿಗೆ ಹಾಕಲೇಬಾರದು. ಸಿಪಿವಿಸಿ 82 ಡಿಗ್ರಿಯಲ್ಲಿ ಪ್ರೆಶರ್ ತಡೆಯೋ ಹಾಗೆ ಮಾಡಿರೋದು, ಗರಿಷ್ಠ 93 ಅಂತಾರೆ, ಆದ್ರೂ 82 ಡಿಗ್ರಿಗೆ ಅದರ ಶಕ್ತಿನೂ ತಣ್ಣೀರಲ್ಲಿದ್ದಾಗಿನ ಕಾಲು ಭಾಗಕ್ಕೆ ಇಳಿದಿರುತ್ತೆ. ಸೋಲಾರ್ ಹೀಟರ್ ಇರೋ ಮನೆಯವರು ಇದನ್ನ ಲೆಕ್ಕಕ್ಕೆ ತಗೋಬೇಕು, ಬಿಸಿಲು ಜೋರಾಗಿದ್ದು ಎರಡು ದಿನ ನೀರು ಬಳಸದೆ ಊರಿಗೆ ಹೋದ್ರೆ ಟ್ಯಾಂಕಿನ ನೀರು ಪೈಪಿನ ಗಡಿಯ ಹತ್ರ ಹೋಗಿಬಿಡಬಹುದು. ಹೀಟರಿಂದ ಹೊರಬರೋ ಮೊದಲ ಒಂದೂವರೆ ಅಡಿಯಷ್ಟು ಲೋಹದ ಪೈಪೇ ಇರ್ಲಿ ಅನ್ನೋ ನಿಯಮ ಹಲವು ಕಡೆ ಇರೋದು ಇದಕ್ಕೇ.

ಬಿಸಿಗೆ ಪ್ಲಾಸ್ಟಿಕ್ ಉದ್ದನೂ ಆಗುತ್ತೆ. ಹತ್ತು ಮೀಟರ್ ಸಿಪಿವಿಸಿ ಲೈನು 50 ಡಿಗ್ರಿ ಬಿಸಿ ಏರಿದ್ರೆ ಮೂರು ಸೆಂಟಿಮೀಟರಿಗೂ ಸ್ವಲ್ಪ ಜಾಸ್ತಿ ಬೆಳೆಯುತ್ತೆ, ಪೆಕ್ಸ್ ಆದ್ರೆ ಏಳೆಂಟು ಸೆಂಟಿಮೀಟರ್. ಅಲ್ಲಾಡೋಕೆ ಜಾಗ ಕೊಡದೆ ಬಿಗಿಯಾಗಿ ಕ್ಲಾಂಪ್ ಹೊಡೆದ್ರೆ ಆ ಒತ್ತಡ ಎಲ್ಲಾ ತಿರುವಿಗೆ, ಕವಲಿಗೆ ಹಾಕೋ ಎಲ್ಬೋ, ಟೀ ಫಿಟ್ಟಿಂಗ್ ಮೇಲೆ ಬೀಳುತ್ತೆ, ಒಂದಿನ ಅಲ್ಲಿ ಸೀಳು.

ಇಷ್ಟೆಲ್ಲಾ ಆದ್ಮೇಲೆ ಒಂದು ಸರಳ ಅಭ್ಯಾಸ: ಕುಡಿಯೋಕೆ, ಅಡುಗೆಗೆ ಗೀಸರ್ ನಲ್ಲಿಯ ಬಿಸಿನೀರು ಹಿಡೀಬೇಡಿ. ಬೇಗ ಕುದಿಯುತ್ತೆ ಅಂತ ಹಿಡಿಯೋರು ಬಹಳ ಜನ. ತಣ್ಣೀರು ಹಿಡಿದು ಒಲೆ ಮೇಲೆ ಕಾಯಿಸಿ, ಪೈಪು ಪ್ಲಾಸ್ಟಿಕ್ಕಾದ್ರೂ ಲೋಹ ಆದ್ರೂ ಇದೇ ಮಾತು.

ಕೆಮಿಕಲ್ ಅಲ್ಲದ ತೊಂದರೆಗಳು

ಪೈಪಿನ ಒಳಗೋಡೆ ಮೇಲೆ ಕಾಲಕ್ರಮೇಣ ಒಂದು ಲೋಳೆ ಪದರ ಕಟ್ಟುತ್ತೆ, ಬಯೋಫಿಲ್ಮ್ ಅಂತಾರೆ, ಬ್ಯಾಕ್ಟೀರಿಯಾಗಳ ಕಾಲೋನಿ. ಎಲ್ಲಾ ತರದ ಪೈಪಲ್ಲೂ ಕಟ್ಟುತ್ತೆ. ಪ್ಲಾಸ್ಟಿಕ್ ಬಿಡೋ ಇಂಗಾಲದ ಕಣಗಳು ಅದಕ್ಕೆ ಒಂಚೂರು ಆಹಾರನೂ ಆಗಬಹುದು. ಇದರಲ್ಲಿ ಬಹುಪಾಲು ಬ್ಯಾಕ್ಟೀರಿಯಾ ಏನೂ ಮಾಡಲ್ಲ, ಭಯ ಇರೋದು ಲೀಜನೆಲ್ಲಾ ಅನ್ನೋದ್ರದ್ದು. 1976ರಲ್ಲಿ ಫಿಲಡೆಲ್ಫಿಯಾದಲ್ಲಿ ಒಂದು ಸಮಾವೇಶಕ್ಕೆ ಬಂದವರಿಗೆ ನ್ಯುಮೋನಿಯಾ ಹಬ್ಬಿದಾಗ ಇದರ ಜಾಡು ಸಿಕ್ಕಿದ್ದು. 25ರಿಂದ 45 ಡಿಗ್ರಿ ಉಗುರುಬೆಚ್ಚಗಿನ ನಿಂತ ನೀರು ಇದಕ್ಕೆ ಹೇಳಿ ಮಾಡಿಸಿದ ಜಾಗ, ಹರಡೋದು ಕುಡಿಯೋದ್ರಿಂದಲ್ಲ, ಶವರಿನ ತುಂತುರನ್ನ ಉಸಿರಲ್ಲಿ ಎಳ್ಕೊಳ್ಳೋದ್ರಿಂದ. ಹಾಗಾಗಿ ಹೀಟರನ್ನ 60 ಡಿಗ್ರಿಗೆ ಇಟ್ರೆ ಒಳ್ಳೇದು, ಆದ್ರೆ ಆ ನೀರು ಚರ್ಮ ಸುಡುತ್ತೆ, ತಣ್ಣೀರು ಬೆರೆಸೋ ಮಿಕ್ಸರ್ ಇರ್ಲಿ. ಮುಂದೆ ಯಾವಾಗಾದ್ರೂ ಬೇಕಾಗುತ್ತೆ ಅಂತ ಎಳೆದು ಕ್ಯಾಪ್ ಹಾಕಿಟ್ಟ ಲೈನುಗಳಿರ್ತಾವಲ್ಲ, ನೀರು ಹರಿಯದ ಆ ತುಂಡುಗಳು ಬಯೋಫಿಲ್ಮಿಗೆ ಹಬ್ಬ.

ಬಿಸಿಲು ಇನ್ನೊಂದು. ಪೆಕ್ಸನ್ನ ಬಿಸಿಲಲ್ಲಿ ಬಿಡಲೇಬಾರದು, ಅದರ ಆಂಟಿಆಕ್ಸಿಡೆಂಟ್ ಸುಟ್ಟುಹೋಗಿ ಪೈಪು ಒಳಗಿಂದಲೇ ಬಲ ಕಳ್ಕೊಳ್ಳುತ್ತೆ. ಪಿವಿಸಿ ಬಣ್ಣ ಮಾಸಿ ಪೆಡಸಾಗುತ್ತೆ, ಹೊಡೆತಕ್ಕೆ ಒಡೆಯುತ್ತೆ. ಕಪ್ಪು ಎಚ್‌ಡಿಪಿಇ ತಡೆಯೋದು ಅದರಲ್ಲಿ ಬೆರೆಸಿರೋ ಕಾರ್ಬನ್ ಬ್ಲ್ಯಾಕ್ ಅನ್ನೋ ನುಣ್ಣನೆ ಮಸಿಯಿಂದ.

ಮೈಕ್ರೋಪ್ಲಾಸ್ಟಿಕ್ ಬಗ್ಗೆ ಜಾಸ್ತಿ ಹೇಳೋಕೆ ಏನಿಲ್ಲ. ಕುಡಿಯೋ ನೀರಲ್ಲಿ ಸಿಗುತ್ತೆ, ಪೈಪಿನ ಸವೆತ ಅದರ ಒಂದು ಮೂಲ ಇರಬಹುದು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಆಗ ಇದ್ದ ಸೀಮಿತ ಮಾಹಿತಿ ಪ್ರಕಾರ ನೀರಲ್ಲಿರೋ ಮಟ್ಟದಿಂದ ಆರೋಗ್ಯಕ್ಕೆ ಅಪಾಯ ಕಾಣ್ತಿಲ್ಲ, ಆದ್ರೆ ಇನ್ನೂ ಸಂಶೋಧನೆ ಬೇಕು ಅಂತ ಹೇಳಿತ್ತು. ಪೈಪು ಕತ್ತರಿಸಿದಾಗ ಒಳಗೆ ಬೀಳೋ ಪುಡಿ, ತುದಿಯ ಜೂಲು, ಇದನ್ನ ಕೆರೆದು ತೆಗೆಸೋದಂತೂ ನಮ್ಮ ಕೈಯಲ್ಲಿದೆ.

ಹೊರಗಿನದು ಒಳಗೆ ಬರಬಹುದಾ?

ಕೆಲವು ಪ್ಲಾಸ್ಟಿಕ್ಕಲ್ಲಿ ಬರುತ್ತೆ. ಪಾಲಿಥೀನ್ ನೀರನ್ನ ಹೊರಗೆ ಬಿಡದಿದ್ರೂ ಪೆಟ್ರೋಲು, ಡೀಸೆಲ್ಲು, ಪೇಂಟ್ ತೆಳುಮಾಡೋ ಥಿನ್ನರ್ ಇಂಥವು ಅದರ ಗೋಡೆಯೊಳಗೆ ನಿಧಾನಕ್ಕೆ ಇಳಿದು ನೀರಿಗೆ ಸೇರಬಹುದು. ಪೈಪಲ್ಲಿ ಒಂದು ತೂತೂ ಬೇಕಾಗಿಲ್ಲ. ಪೆಟ್ರೋಲ್ ಬಂಕು, ಗ್ಯಾರೇಜು ಇದ್ದ ಜಾಗದ ಮಣ್ಣಲ್ಲಿ ಪಾಲಿಥೀನ್ ಪೈಪು ಹಾಕುವಾಗ ಇದನ್ನ ಯೋಚಿಸಬೇಕು, ಮಧ್ಯದಲ್ಲಿ ಅಲ್ಯೂಮಿನಿಯಂ ಪದರ ಇರೋ ಪೈಪು ಬರೋದು ಇಂಥ ಕಡೆಗೇ. ಗಟ್ಟಿ ಪಿವಿಸಿ ಈ ವಿಷಯದಲ್ಲಿ ಪಾಲಿಥೀನ್‌ಗಿಂತ ವಾಸಿ. ಪೈಪಿನ ಪಕ್ಕದಲ್ಲೇ ಸೀಮೆಎಣ್ಣೆ, ಗೆದ್ದಲಿನ ಔಷಧಿ ಇಡೋದೂ ಒಳ್ಳೇದಲ್ಲ.

ಬೆಂಕಿಯದ್ದು ಇನ್ನೂ ವಿಚಿತ್ರ. ಕ್ಯಾಲಿಫೋರ್ನಿಯಾದಲ್ಲಿ 2017ರಲ್ಲಿ ಸಾಂಟಾ ರೋಸಾ, 2018ರಲ್ಲಿ ಪ್ಯಾರಡೈಸ್ ಅನ್ನೋ ಊರುಗಳು ಕಾಡ್ಗಿಚ್ಚಿಗೆ ಸುಟ್ಟ ಮೇಲೆ ಉಳಿದ ನೀರಿನ ಲೈನಲ್ಲಿ ಬೆಂಜೀನ್ ಸಿಕ್ತು, ಅಮೆರಿಕದ ಮಿತಿ ಲೀಟರಿಗೆ 5 ಮೈಕ್ರೋಗ್ರಾಂ, ಅಲ್ಲಿ ಕೆಲವು ಕಡೆ ಸಿಕ್ಕಿದ್ದು ಅದರ ನೂರಾರು ಪಟ್ಟು. ಬೆಂಜೀನ್ ರಕ್ತದ ಕ್ಯಾನ್ಸರ್ ತರುತ್ತೆ. ಪ್ರೆಶರ್ ಇಲ್ಲದ ಲೈನಿಗೆ ಹೊಗೆ ಎಳ್ಕೊಂಡಿದ್ದು ಒಂದು ಕಾರಣ, ಕಾದ ಪ್ಲಾಸ್ಟಿಕ್ ತಾನೇ ಬೆಂಜೀನ್ ಬಿಡೋದು ಇನ್ನೊಂದು, ಇದನ್ನ ಆಮೇಲೆ ಪರ್ಡ್ಯೂ ಯೂನಿವರ್ಸಿಟಿಯವರು ಲ್ಯಾಬಲ್ಲಿ ಪೈಪು ಕಾಯಿಸಿ ತೋರಿಸಿದ್ರು. ಪೂರ್ತಿ ಸುಡಬೇಕಂತಿಲ್ಲ, ಚೆನ್ನಾಗಿ ಕಾದ್ರೂ ಸಾಕು. ಮನೆಗೆ ಬೆಂಕಿ ತಗುಲಿ ಆರಿದ ಮೇಲೆ ಪೈಪು ನೋಡೋಕೆ ಚೆನ್ನಾಗಿದೆ ಅಂತ ಅದೇ ನೀರು ಕುಡಿಯೋಕೆ ಶುರು ಮಾಡೋದು ಬೇಡ.

ಪೈಪು ಒಳ್ಳೇದೇ, ಕೆಲಸ ಕೆಟ್ಟಿದ್ದು

ಪಿವಿಸಿ, ಸಿಪಿವಿಸಿ ಜಾಯಿಂಟಿಗೆ ಹಚ್ಚೋ ಸೊಲ್ಯೂಷನ್ ಇದೆಯಲ್ಲ, ಅದು ಫೆವಿಕಾಲ್ ತರದ ಅಂಟಲ್ಲ. ಅದರಲ್ಲಿರೋ ಟೆಟ್ರಾಹೈಡ್ರೋಫ್ಯುರಾನ್, ಸೈಕ್ಲೋಹೆಕ್ಸಾನೋನ್ ತರದ ದ್ರಾವಕಗಳು ಎರಡೂ ಮೈಯನ್ನ ಕರಗಿಸಿ ಒಂದಕ್ಕೊಂದು ಬೆಸೆಯುತ್ತೆ, ಆಮೇಲೆ ಆವಿಯಾಗಿ ಹೋಗುತ್ತೆ. ಹೋಗೋಕೆ ಟೈಮ್ ಕೊಡಬೇಕು, ಡಬ್ಬದ ಮೇಲೆ ಎಷ್ಟು ಗಂಟೆ ಅಂತ ಬರೆದಿರುತ್ತೆ. ಜಾಸ್ತಿ ಹಚ್ಚಿದ್ರೆ ಭದ್ರ ಅಂತ ಬಳಿದಿದ್ದು ಪೈಪಿನೊಳಗೆ ಇಳಿದು ಗಡ್ಡೆ ಕಟ್ಟುತ್ತೆ, ವಾರಗಟ್ಟಲೆ ನೀರಿಗೆ ವಾಸನೆ ಬಿಡ್ತಾ ಕೂರುತ್ತೆ. ಪಿವಿಸಿ ಸೊಲ್ಯೂಷನ್ನೇ ಬೇರೆ ಸಿಪಿವಿಸಿದೇ ಬೇರೆ, ಇರೋ ಡಬ್ಬದಲ್ಲೇ ಎರಡನ್ನೂ ಮುಗಿಸೋಕೆ ಬಿಡಬೇಡಿ.

ಫಿಟ್ಟಿಂಗ್ ಉಳಿಸೋಕೆ ಪೈಪನ್ನ ಬೆಂಕಿಗೆ ಹಿಡಿದು ಬಗ್ಗಿಸೋದು, ತುದಿ ಅಗಲಿಸಿ ಒಂದರೊಳಗೊಂದು ತುರುಕೋದು ಇದೆ ನೋಡಿ, ಅದು ಕೆಟ್ಟ ಪದ್ಧತಿ. ಕಂದಾಗುವಷ್ಟು ಕಾದ ಪಿವಿಸಿ ಅಂದ್ರೆ ಒಡೆದ ಪಿವಿಸಿ, ಬರೋ ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್ ಇರುತ್ತೆ, ಅದು ಕಣ್ಣು, ಗಂಟಲು ಉರಿಸುತ್ತೆ, ಬಗ್ಗಿದ ಕಡೆ ಗೋಡೆ ತೆಳ್ಳಗಾಗುತ್ತೆ.

ಸಿಪಿವಿಸಿಗೆ ಇನ್ನೊಂದು ಸಂಕಟ, ಕೆಲವು ಎಣ್ಣೆ ಪದಾರ್ಥ ತಾಗಿದ್ರೆ ಒತ್ತಡ ಇರೋ ಜಾಗದಲ್ಲಿ ಸೀಳುತ್ತೆ. ಮೆತ್ತನೆ ಪಿವಿಸಿ ವೈರು ತಾಗ್ಕೊಂಡೇ ಇದ್ರೆ ಅದರ ಮೆತ್ತಗಾಗಿಸೋ ಕೆಮಿಕಲ್ಲು ಇದಕ್ಕೆ ದಾಟಿಬಿಡುತ್ತೆ. ವೈರು, ಪೈಪು ಎರಡನ್ನೂ ಒಂದೇ ಕಿಂಡಿಯಲ್ಲಿ ತುರುಕೋ ಅಭ್ಯಾಸಕ್ಕೆ ಇದು ಉತ್ತರ.

ಇನ್ನು ಇಡೀ ಪೈಪಿನ ಆಯ್ಕೆನೇ ಕೈಕೊಟ್ಟ ಉದಾಹರಣೆನೂ ಇದೆ. 1978ರಿಂದ 1995ರ ತನಕ ಅಮೆರಿಕದಲ್ಲಿ ಪಾಲಿಬ್ಯೂಟಿಲೀನ್ ಅನ್ನೋ ಪೈಪನ್ನ ಲಕ್ಷಾಂತರ ಮನೆಗೆ ಹಾಕಿದ್ರು, ಅಗ್ಗ, ಬಗ್ಗುತ್ತೆ, ಬೇಗ ಕೆಲಸ ಆಗುತ್ತೆ. ನೀರಿಗೆ ಹಾಕೋ ಕ್ಲೋರಿನ್ ಅದನ್ನೂ ಅದರ ಫಿಟ್ಟಿಂಗನ್ನೂ ಒಳಗಿಂದ ತಿಂದು ಒಡೆಯೋಕೆ ಶುರುವಾಗಿ, ಕೊನೆಗೆ ಸುಮಾರು 95 ಕೋಟಿ ಡಾಲರಿನ ಕೋರ್ಟ್ ರಾಜಿಯಲ್ಲಿ ಮುಗೀತು. ವಿಷ ಅಂತಲ್ಲ, ಸೋರಿಕೆ. ಈಗಿನ ಪೆಕ್ಸನ್ನ ಕ್ಲೋರಿನ್ ತಡೆಯುತ್ತಾ ಅಂತ ಟೆಸ್ಟ್ ಮಾಡೋದಕ್ಕೆ ಇಂಥ ಅನುಭವ ಒಂದು ಕಾರಣ.

ಪೈಪಿನ ಮೈಮೇಲೆ ಬರೆದಿರೋದನ್ನ ಓದಿ

ಅಂಗಡಿಯಲ್ಲಿ ಬಣ್ಣ ನೋಡಿ ತಗೋಬೇಡಿ, ಪೈಪಿನ ಉದ್ದಕ್ಕೂ ಪ್ರಿಂಟ್ ಆಗಿರೋ ಸಾಲನ್ನ ಓದಿ. ಅದರಲ್ಲಿ ತಯಾರಕರ ಹೆಸರು, ಸೈಜು, ಪ್ರೆಶರ್ ರೇಟಿಂಗು, ಯಾವ ಸ್ಟಾಂಡರ್ಡ್, ಯಾವ ಬ್ಯಾಚು ಎಲ್ಲಾ ಇರಬೇಕು. ಭಾರತದಲ್ಲಾದ್ರೆ ಯುಪಿವಿಸಿಗೆ ಐಎಸ್ 4985, ಸಿಪಿವಿಸಿಗೆ ಐಎಸ್ 15778, ಪಿಪಿಆರ್‌ಗೆ ಐಎಸ್ 15801, ಎಚ್‌ಡಿಪಿಇಗೆ ಐಎಸ್ 4984. ಅಮೆರಿಕದ ಕಡೆ ನೋಡೋದು ಎನ್‌ಎಸ್‌ಎಫ್ 61, ಇದು ಪೈಪು ಗಟ್ಟಿಯಾಗಿದೆಯಾ ಅಂತಲ್ಲ, ನೀರಿಗೆ ಏನು ಬಿಡುತ್ತೆ ಅಂತಲೇ ನೋಡೋ ಪರೀಕ್ಷೆ: ಪೈಪನ್ನ ನೀರಲ್ಲಿ ನೆನೆಸಿಟ್ಟು, ದಿನ ಬಿಟ್ಟು ನೀರು ಬದಲಿಸಿ, ಆ ನೀರಲ್ಲಿ ಏನೇನಿದೆ ಅಂತ ಅಳೀತಾರೆ. ಅಲ್ಲಿನ ಪೆಕ್ಸ್ ಪೈಪಿನ ಮೇಲೆ 5106 ತರ ನಾಲ್ಕು ಅಂಕಿ ಇದ್ರೆ ಮೊದಲನೇ ಅಂಕಿ ಕ್ಲೋರಿನ್ ತಡೆಯೋ ಶಕ್ತಿ, ಜಾಸ್ತಿ ಇದ್ದಷ್ಟೂ ಒಳ್ಳೇದು. ಏನೂ ಬರೆದಿರದ ಪೈಪು ಎಷ್ಟೇ ಅಗ್ಗವಾಗಿ ಸಿಕ್ರೂ ಕುಡಿಯೋ ನೀರಿನ ಲೈನಿಗೆ ಬೇಡ.

ಹಾಗಾದ್ರೆ ಲೋಹದ ಪೈಪೇ ವಾಸಿನಾ?

ಅದಕ್ಕೂ ಅದರದ್ದೇ ತಾಪತ್ರಯ ಇದೆ. ಸತು ಲೇಪನದ ಕಬ್ಬಿಣ ಲೇಪನ ಸವೆದ ಮೇಲೆ ತುಕ್ಕು ಹಿಡಿದು ಒಳಗೆ ಗಂಟು ಕಟ್ಟುತ್ತೆ. ತಾಮ್ರ ಒಳ್ಳೇದು, ಆದ್ರೆ ಹುಳಿ ಗುಣದ ನೀರಿಗೆ ಅದು ಕರಗುತ್ತೆ, ಸಿಂಕಲ್ಲಿ ಹಸಿರು-ನೀಲಿ ಕಲೆ ಬಿದ್ರೆ ಅದೇ ಗುರುತು. ತಾಮ್ರದ ಹಳೇ ಬೆಸುಗೆಯಲ್ಲಿ ಸೀಸ ಇರುತ್ತಿತ್ತು, ಅಮೆರಿಕದಲ್ಲಿ ಅದನ್ನ ನಿಷೇಧಿಸಿದ್ದು 1986ರಲ್ಲಿ. 2014ರಲ್ಲಿ ಅಮೆರಿಕದ ಫ್ಲಿಂಟ್ ಊರಲ್ಲಿ ನೀರಿನ ಮೂಲ ಬದಲಿಸಿ, ಪೈಪು ಕೊರೆಯದ ಹಾಗೆ ಹಾಕಬೇಕಾದ ಕೆಮಿಕಲ್ ಹಾಕದೆ ಬಿಟ್ಟಾಗ ಮನೆಗಳಿಗೆ ಸೀಸ ಬಂದದ್ದು ಪ್ಲಾಸ್ಟಿಕ್ಕಿಂದಲ್ಲ, ಲೋಹದ ಪೈಪಿಂದಲೇ.

ಹೊಸ ಲೈನ್ ಹಾಕಿಸಿದ ಮೇಲೆ

ಸೊಲ್ಯೂಷನ್ ಒಣಗಿದ ಮೇಲೆ ಎಲ್ಲಾ ನಲ್ಲಿ ಬಿಟ್ಟು ಚೆನ್ನಾಗಿ ತೊಳೀರಿ, ನಲ್ಲಿ ತುದಿಯ ಜಾಲರಿ ಬಿಚ್ಚಿಟ್ಟು ಬಿಡಿ, ಪೈಪಿನ ಪುಡಿ ಎಲ್ಲಾ ಅಲ್ಲೇ ಬಂದು ಕೂರೋದು. ಆಮೇಲೆ ಕೆಲವು ವಾರ, ಬೆಳಿಗ್ಗೆ ಎದ್ದ ತಕ್ಷಣ ಬರೋ ನೀರನ್ನ ಕುಡಿಯೋಕೆ ಹಿಡೀದೆ ಗಿಡಕ್ಕೋ ನೆಲ ಒರೆಸೋಕೋ ಬಳಸಿ. ಎಷ್ಟು ಬಿಡಬೇಕು ಅಂದ್ರೆ, 15 ಮಿಲಿಮೀಟರ್ ಒಳ ಅಳತೆಯ ಹತ್ತು ಮೀಟರ್ ಪೈಪಲ್ಲಿ ಇರೋದು ಎರಡು ಲೀಟರಿಗೂ ಕಮ್ಮಿ ನೀರು, ಅಷ್ಟು ಹೋದ್ರೆ ರಾತ್ರಿ ನಿಂತ ನೀರು ಹೋದ ಹಾಗೆ. ಊರಿಗೆ ಹೋಗಿ ವಾರ ಬಿಟ್ಟು ಬಂದಾಗ ಸ್ವಲ್ಪ ಜಾಸ್ತಿ ಬಿಡಿ.

ಕುದಿಸಿದ್ರೆ ಸರಿಹೋಗುತ್ತೆ ಅನ್ನೋದು ಬ್ಯಾಕ್ಟೀರಿಯಾಗೆ ಸರಿ, ಸೀಸಕ್ಕಲ್ಲ, ನೀರು ಆವಿಯಾಗಿ ಸೀಸ ಇನ್ನೂ ಗಾಢ ಆಗುತ್ತೆ ಅಷ್ಟೇ. ವಾಸನೆಗೆ, ದ್ರಾವಕಗಳಿಗೆ ಆಕ್ಟಿವೇಟೆಡ್ ಕಾರ್ಬನ್ ಫಿಲ್ಟರ್ ಕೆಲಸ ಮಾಡುತ್ತೆ, ಸೀಸಕ್ಕೆ ಆರ್‌ಒ ಇಲ್ಲಾಂದ್ರೆ ಸೀಸ ತೆಗೆಯುತ್ತೆ ಅಂತಲೇ ಸರ್ಟಿಫೈ ಆಗಿರೋ ಫಿಲ್ಟರ್ ಬೇಕು.

ಒಂದೆರಡು ತಿಂಗಳಾದ್ರೂ ವಾಸನೆ ಹೋಗದಿದ್ರೆ, ಇಲ್ಲ ಮನೆ ಪೈಪು ಹಳೇದಿದ್ದು ಮನೇಲಿ ಚಿಕ್ಕ ಮಕ್ಕಳೋ ಗರ್ಭಿಣಿಯೋ ಇದ್ರೆ ಲ್ಯಾಬಿಗೆ ಕೊಡಿ. ಸುಮ್ನೆ "ನೀರು ಟೆಸ್ಟ್ ಮಾಡಿ" ಅಂದ್ರೆ ಗಡಸುತನ, ಉಪ್ಪಿನಂಶ, ಬ್ಯಾಕ್ಟೀರಿಯಾ ನೋಡಿ ಕೊಟ್ಟುಬಿಡ್ತಾರೆ, ಸೀಸ ಮತ್ತು ಆವಿಯಾಗೋ ಸಾವಯವ ರಾಸಾಯನಿಕ ನೋಡಿ ಅಂತ ಬಿಡಿಸಿ ಕೇಳ್ಬೇಕು. ಸ್ಯಾಂಪಲ್ ಎರಡು ತಗೊಳ್ಳಿ, ರಾತ್ರಿಯಿಡೀ ನಿಂತು ಬೆಳಿಗ್ಗೆ ಬಂದ ಮೊದಲ ನೀರು ಒಂದು ಬಾಟಲಿಗೆ, ನಾಲ್ಕೈದು ನಿಮಿಷ ಹರಿಸಿದ ಮೇಲಿನ ನೀರು ಇನ್ನೊಂದಕ್ಕೆ. ಮೊದಲನೇದ್ರಲ್ಲಿ ಮಾತ್ರ ಜಾಸ್ತಿ ಬಂದ್ರೆ ತೊಂದರೆ ನಲ್ಲಿ, ಫಿಟ್ಟಿಂಗು ಇಲ್ಲ ಮನೆಯೊಳಗಿನ ಪೈಪಲ್ಲಿ, ಎರಡರಲ್ಲೂ ಒಂದೇ ತರ ಬಂದ್ರೆ ನೀರು ಬರೋ ಮೂಲವನ್ನೋ ಟ್ಯಾಂಕನ್ನೋ ಹಿಡಿದು ನೋಡ್ಬೇಕು.